ಉತ್ತರ ಕೇಳಬೇಡಿ, ಕಾಗದ ಕೇಳಿ

ರಾಗಿ ಕಣ ಮುಗೀತು. ಅವರೆ ಸೊಗಡೂ ಇಳೀತಾ ಬಂತು. ಇನ್ನು ಒಂದೆರಡು ಹದ ಮಳೆ ಬೀಳೋವರೆಗೂ ನಮ್ಮ ಸೋಂಪುರ ಹೋಬಳಿ ಕಡೆ ಖುಷ್ಕಿ ಹೊಲದಲ್ಲಿ ದೊಡ್ಡ ಕೆಲಸ ಇಲ್ಲ. ಹಾಗಾಗಿ ಈ ಸಲ ಬೆಳೆ, ಗೊಬ್ಬರ, ರೋಗದ ವಿಷಯ ಬಿಟ್ಟು ಕಾಗದದ ವಿಷಯ ಬರೀತಾ ಇದೀನಿ. ಸ್ವಲ್ಪ ಉದ್ದ ಇದೆ. ಬಿಡುವು ಮಾಡ್ಕೊಂಡು ಓದಿ, ಮನೆಯಲ್ಲಿ ಓದೋ ಮಕ್ಕಳಿದ್ರೆ ಅವರಿಗೂ ಓದಿಸಿ.

ನಾನು ಹೇಳೋದು ಇಷ್ಟೇ. ಸರ್ಕಾರಿ ಕಚೇರಿಗೆ ಹೋಗಿ ನಾವು ಉತ್ತರ ಕೇಳ್ತೀವಿ. ಕೇಳಬೇಕಾದ್ದು ಕಾಗದ. ಮತ್ತೆ ಆ ಕಾಗದವನ್ನ ಜಗಳ ಬಂದ ಮೇಲಲ್ಲ, ಜಗಳ ಇಲ್ಲದಾಗಲೇ ಕೇಳಿ ಇಟ್ಕೋಬೇಕು.

"ನಮ್ಮ ಪೋಡಿ ಏನಾಯ್ತು ಸ್ವಾಮಿ?" ಅಂತ ಕೇಳ್ತೀವಿ. "ಸರ್ವೇರು ರಜದಲ್ಲವ್ರೆ, ಮುಂದಿನ ವಾರ ಬನ್ನಿ" ಅಂತಾರೆ. ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲಿ ಉತ್ತರ, ಅದಕ್ಕೆ ತೂಕ ಇಲ್ಲ, ತಾರೀಖಿಲ್ಲ, ಸಹಿ ಇಲ್ಲ. ಮುಂದಿನ ವಾರ ಹೋದರೆ ಕುರ್ಚಿಯಲ್ಲಿ ಬೇರೆಯವರೇ ಕೂತಿರ್ತಾರೆ, "ನಂಗೊತ್ತಿಲ್ಲ, ನಾನು ಹೊಸದಾಗಿ ಬಂದಿದೀನಿ" ಅಂತಾರೆ. ದಾಬಸ್‌ಪೇಟೆಯಿಂದ ನೆಲಮಂಗಲಕ್ಕೆ ಹೋಗಿ ಬರೋದು ಅಂದ್ರೆ ಬಸ್ ಚಾರ್ಜು, ಕಾಫಿ, ಊಟ ಎಲ್ಲ ಸೇರಿ ಒಂದು ಆಳಿನ ಕೂಲಿ ಹೋಯ್ತು. ಹಿಂಗೆ ಹತ್ತು ಸಲ ಓಡಾಡಿದ ಮೇಲೆ ಸುಸ್ತಾಗಿ ಕಚೇರಿ ಮುಂದೆ ನಿಂತಿರೋ ಬ್ರೋಕರ್ ಕೈಗೆ ಕೆಲಸ ಒಪ್ಪಿಸ್ತೀವಿ. ಅವನು ನಮಗೆ ಮಾರೋದು ಮುಕ್ಕಾಲು ಪಾಲು ಏನು ಗೊತ್ತಾ? "ನಿಮ್ಮ ಫೈಲು ಈಗ ಯಾರ ಟೇಬಲ್ ಮೇಲಿದೆ" ಅನ್ನೋ ಒಂದು ಮಾಹಿತಿ. ಅದನ್ನ ನಾವೇ ತಗೊಳ್ಳೋಕೆ ಕಾನೂನು ಕೊಟ್ಟಿರೋ ಖರ್ಚು 10 ರೂಪಾಯಿ.

ನಮ್ಮ ಕಡೆ ಇದು ಯಾಕೆ ಅರ್ಜೆಂಟು

ನಮ್ಮ ಊರಿನ ಹೆಸರೇ ಒಬ್ಬ ಅಧಿಕಾರಿಯದ್ದು. ಬ್ರಿಟಿಷರ ಕಾಲದಲ್ಲಿ ಚಿತ್ರದುರ್ಗ ವಿಭಾಗ ನೋಡ್ಕೊಳ್ತಿದ್ದ ಡಾಬ್ಸ್ ಸಾಹೇಬನ ಹೆಸರಿಂದ ದಾಬಸ್‌ಪೇಟೆ ಆಯ್ತು. ಅವತ್ತಿನಿಂದ ಇವತ್ತಿನವರೆಗೂ ಇಲ್ಲಿ ಭೂಮಿಯ ಹಣೆಬರಹ ಬರೀತಾ ಇರೋದು ಕಚೇರಿಯೇ. ಈಗಂತೂ ಕೇಳಲೇಬೇಡಿ. ಒಂದು ಕಡೆ ಸೋಂಪುರ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ತುಮಕೂರು ಹೈವೇ, ಮತ್ತೊಂದು ಕಡೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಕಡೆ ಹೋಗೋ ಸ್ಯಾಟಲೈಟ್ ರಿಂಗ್ ರೋಡು. ಶಿವಗಂಗೆ ಬೆಟ್ಟದ ಮೇಲೆ ನಿಂತು ನೋಡಿದ್ರೆ ಗೋಡೌನ್ ತಗಡು ಎಷ್ಟು ಹೊಳೀತದೆ ಅಂತ ನಿಮಗೇ ಗೊತ್ತು.

ಇಂಥ ಜಾಗದಲ್ಲಿ ಪಹಣಿಯ ಒಂದು ಅಕ್ಷರ ತಪ್ಪಿದ್ರೂ ಅದು ಲಕ್ಷಗಟ್ಟಲೆ ದುಡ್ಡಿನ ಮಾತು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಸೆಕ್ಷನ್ 133 ಏನು ಹೇಳುತ್ತೆ ಅಂದ್ರೆ, ಹಕ್ಕು ದಾಖಲೆಯಲ್ಲಿ ಬರೆದಿರೋದನ್ನ, ತಪ್ಪು ಅಂತ ಸಾಬೀತಾಗೋವರೆಗೂ ನಿಜ ಅಂತಲೇ ಭಾವಿಸಬೇಕು. ಅಂದ್ರೆ ಕಾಗದ ತಪ್ಪಿದ್ರೆ ಅದು ತಪ್ಪು ಅಂತ ತೋರಿಸೋ ಹೊರೆ ನಮ್ಮ ತಲೆ ಮೇಲೆ. ತೋರಿಸೋದಕ್ಕೆ ಬೇಕಾಗೋದೂ ಇನ್ನೊಂದು ಹಳೇ ಕಾಗದವೇ.

ಭೂಸ್ವಾಧೀನ ಬಂದಾಗ ಇದು ಇನ್ನೂ ಬಿಗಿ. ಕೆಐಎಡಿಬಿ ಕಾಯ್ದೆಯಲ್ಲಿ 28(1) ಅಂದ್ರೆ ಪ್ರಾಥಮಿಕ ಅಧಿಸೂಚನೆ, 28(2)ರಲ್ಲಿ ಮಾಲೀಕರಿಗೆ ನೋಟಿಸು, ಆಮೇಲೆ ಆಕ್ಷೇಪಣೆ ವಿಚಾರಣೆ, 28(4) ಬಂದ್ರೆ ಅಂತಿಮ ಅಧಿಸೂಚನೆ. ಹೈವೇ ಆದ್ರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ, 3ಡಿ, 3ಜಿ. 3ಎ ಪ್ರಕಟವಾದ 21 ದಿನದೊಳಗೆ ಆಕ್ಷೇಪಣೆ ಕೊಡಬೇಕು. ಈ ನೋಟಿಸುಗಳು ಯಾರ ಹೆಸರಿಗೆ ಬರ್ತವೆ? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರ ಹೆಸರಿಗೆ. ಪೌತಿ ಖಾತೆ ಮಾಡಿಸದೆ ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ರೆ, ನೋಟಿಸು ಬರೋದು ತೀರಿಹೋದ ತಾತನ ಹೆಸರಿಗೆ. ಮೊಮ್ಮಗ ಹೊಲದಲ್ಲೇ ಉಳ್ತಾ ಇದ್ರೂ ಕಚೇರಿ ಲೆಕ್ಕದಲ್ಲಿ ಅವನು ಇಲ್ಲ.

ದೇವನಹಳ್ಳಿ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಯವರು 1,777 ಎಕರೆ ಉಳಿಸ್ಕೊಳ್ಳೋಕೆ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನ ಕೈಬಿಡ್ತೀವಿ ಅಂತು. ಅದು ಒಗ್ಗಟ್ಟಿನ ಗೆಲುವು, ಅದರ ಮುಂದೆ ನಾನು ಹೇಳ್ತಾ ಇರೋ ಅರ್ಜಿ ಸಣ್ಣದು. ಆದ್ರೆ ಎಲ್ಲ ಊರಿಗೂ ಅಂಥ ಹೋರಾಟ ಕಟ್ಟೋ ಶಕ್ತಿ ಇರಲ್ಲ. ಒಂದು ಮನೆ, ಎರಡು ಎಕರೆ, ಒಂದು ಬೋರ್‌ವೆಲ್ ಇರೋನಿಗೆ ಕಾಗದವೇ ಕಾವಲು.

ಎಲ್ಲದಕ್ಕೂ ಆರ್‌ಟಿಐ ಬೇಡ

ಇದನ್ನ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ನಮ್ಮಲ್ಲಿ ಇಬ್ಬರೇ ಜನ. ಒಬ್ಬರು ಏನೂ ಕೇಳಲ್ಲ, ಇನ್ನೊಬ್ಬರು ಎಲ್ಲದಕ್ಕೂ "ಆರ್‌ಟಿಐ ಹಾಕ್ತೀನಿ" ಅಂತಾರೆ.

ಪಹಣಿ, ಮ್ಯುಟೇಷನ್ ಪ್ರತಿ ಕಂಪ್ಯೂಟರಲ್ಲೇ ಸಿಗುತ್ತೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದಾಗ ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಅದಕ್ಕಿಂತ ಮುಂಚೆ ಪಹಣಿ ಪುಸ್ತಕ ಲೆಕ್ಕಿಗರ ಕಂಕುಳಲ್ಲಿ ಇರ್ತಿತ್ತು, ಅವರು ಬರೆದಿದ್ದೇ ವೇದ. ಈಗ ಪಹಣಿ ಯಾರು ಬೇಕಾದ್ರೂ ತೆಗೀಬಹುದು. ವರ್ಷಕ್ಕೊಂದು ಸಲ ತೆಗೆದು ನೋಡಿ. 9ನೇ ಕಾಲಂನಲ್ಲಿ ಹೆಸರು ಮತ್ತು ವಿಸ್ತೀರ್ಣ, 10ರಲ್ಲಿ ಆ ಹಕ್ಕು ಹೇಗೆ ಬಂತು ಅನ್ನೋ ಎಂ.ಆರ್. ನಂಬರು, 11ರಲ್ಲಿ ಸಾಲ, ಕೋರ್ಟು ತಡೆ, ಸ್ವಾಧೀನದ ನಮೂದು, 12ರಲ್ಲಿ ಸಾಗುವಳಿ ಮತ್ತು ಬೆಳೆ. ನಮ್ಮಲ್ಲಿ ಎಷ್ಟೋ ಜನ 9 ನೋಡಿ ಮಡಚಿ ಇಟ್ಟುಬಿಡ್ತಾರೆ. 11ನ್ನೂ ನೋಡಿ. ತೀರಿಸಿದ ಸೊಸೈಟಿ ಸಾಲ ಅಲ್ಲಿ ಇನ್ನೂ ಕೂತಿರಬಹುದು, ನಿಮಗೆ ಗೊತ್ತಿಲ್ಲದ ಇನ್ನೇನೋ ಬಂದಿರಬಹುದು.

ಋಣಭಾರ ಪತ್ರ ಅಂದ್ರೆ ಇ.ಸಿ. ಬೇಕಾದ್ರೆ ಸಬ್‌ರಿಜಿಸ್ಟ್ರಾರ್ ಕಡೆಯ ಕಾವೇರಿ ತಂತ್ರಾಂಶ. ಆಕಾರಬಂದ್, ಸರ್ವೆ ಟಿಪ್ಪಣಿ, ಹಿಸ್ಸಾ ನಕ್ಷೆ ಬೇಕಾದ್ರೆ ಸರ್ವೆ ಕಚೇರಿಗೆ ನಕಲು ಅರ್ಜಿ. ರೆಕಾರ್ಡ್ ರೂಮಿನ ಹಳೇ ಕೈಬರಹದ ಪಹಣಿ, ಐ.ಎಲ್., ಆರ್.ಆರ್., ಹಳೇ ಎಂ.ಆರ್. ಬೇಕಾದ್ರೆ ತಾಲ್ಲೂಕು ಕಚೇರಿಗೆ ನಕಲು ಅರ್ಜಿ. ಕಂದಾಯ ಇಲಾಖೆ ಈಗ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ರೆಕಾರ್ಡ್ ರೂಮುಗಳ ಹಳೇ ಕಾಗದ ಸ್ಕ್ಯಾನ್ ಮಾಡಿಸ್ತಾ ಇದೆ. ನಿಮ್ಮ ಸರ್ವೆ ನಂಬರಿನ ಹಾಳೆ ಸ್ಕ್ಯಾನ್ ಆಗಿದೆಯಾ ಅಂತ ಒಂದು ಸಲ ನೋಡೋದು ಒಳ್ಳೇದು. ಆಗಿಲ್ಲ, ಸಿಗ್ತಾ ಇಲ್ಲ ಅಂದ್ರೆ ಅದು ಈಗಲೇ ಗೊತ್ತಾಗ್ಲಿ. ಮಗಳ ಮದುವೆ ಗೊತ್ತಾದ ಮೇಲೆ, ಸಾಲಕ್ಕೆ ಬ್ಯಾಂಕಿಗೆ ಹೋದ ಮೇಲೆ ಗೊತ್ತಾಗೋದು ಬೇಡ.

ಈ ಥರ ಸೇವೆಗಳಿಗೆ ಸಕಾಲ ಇದೆ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯಕ್ಕೆಲ್ಲ ಬಂತು. ಅರ್ಜಿ ಕೊಟ್ಟಾಗ ಜಿ.ಎಸ್.ಸಿ. ನಂಬರ್ ಇರೋ ರಸೀದಿ ಈಸ್ಕೊಳ್ಳಿ. ಗೊತ್ತುಮಾಡಿದ ದಿನದೊಳಗೆ ಕೊಡದಿದ್ರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೂ ಪರಿಹಾರ ಕೇಳಬಹುದು. ದುಡ್ಡು ದೊಡ್ಡದಲ್ಲ, ಆದ್ರೆ ಆ ನಂಬರ್ ಇದ್ರೆ ನಿಮ್ಮ ಅರ್ಜಿಗೆ ಹುಟ್ಟಿದ ತಾರೀಖು ಇದೆ ಅಂತ ಅರ್ಥ. ಟೇಬಲ್ ಮೇಲೆ ಬಿಳೀ ಹಾಳೆ ಇಟ್ಟು ಬಂದ್ರೆ ಅದು ಹುಟ್ಟೇ ಇಲ್ಲ.

ಆರ್‌ಟಿಐ ಎಲ್ಲಿ ಬೇಕು

ಅರ್ಜಿ ಕೊಟ್ಟಾಯ್ತು, ರಸೀದಿ ಇದೆ, ತಿಂಗಳುಗಳು ಕಳೆದವು, ಫೈಲು ಮಿಸುಕಾಡ್ತಿಲ್ಲ. ಅಲ್ಲಿ ಬೇಕು ಮಾಹಿತಿ ಹಕ್ಕು. ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯ ಅಲ್ಲ, 2000ದಲ್ಲೇ ನಮ್ಮದೇ ಒಂದು ಕಾಯ್ದೆ ಇತ್ತು. ಕೇಂದ್ರದ ಕಾಯ್ದೆ 2005ರ ಅಕ್ಟೋಬರ್ 12ರಿಂದ ಜಾರಿಗೆ ಬಂತು. ಇಪ್ಪತ್ತು ವರ್ಷ ದಾಟಿದ್ರೂ ನಮ್ಮಲ್ಲಿ ಅರ್ಜಿ ಬರೆಯೋ ರೀತಿ ಮಾತ್ರ ಹಿಂಗೇ ಇದೆ:

"ನಾನು ಮೂರು ವರ್ಷದ ಹಿಂದೆ ಪೋಡಿಗೆ ಅರ್ಜಿ ಕೊಟ್ಟಿದ್ದೇನೆ. ಇದುವರೆಗೂ ಯಾಕೆ ಮಾಡಿಲ್ಲ? ಯಾವಾಗ ಮಾಡುತ್ತೀರಿ? ತಡ ಮಾಡಿದವರ ಮೇಲೆ ಏನು ಕ್ರಮ ಕೈಗೊಳ್ಳುತ್ತೀರಿ?"

ಸಿಟ್ಟು ನ್ಯಾಯವಾದದ್ದೇ, ಆದ್ರೆ ಅರ್ಜಿ ಸೋತಿತು. ಯಾಕಂದ್ರೆ ಕಾನೂನಿನ ಪ್ರಕಾರ ಮಾಹಿತಿ ಅಂದ್ರೆ ಕಚೇರಿಯಲ್ಲಿ ಯಾವುದಾದ್ರೂ ರೂಪದಲ್ಲಿ ಈಗಾಗಲೇ ಇರೋ ದಾಖಲೆ. 2011ರಲ್ಲಿ ಸುಪ್ರೀಂ ಕೋರ್ಟು ಸಿಬಿಎಸ್‌ಇ ಉತ್ತರ ಪತ್ರಿಕೆ ಕೇಸಿನಲ್ಲಿ ಎರಡೂ ಮಾತು ಹೇಳಿತು. ವಿದ್ಯಾರ್ಥಿ ತನ್ನ ಉತ್ತರ ಪತ್ರಿಕೆ ನೋಡಬಹುದು ಅಂತು. ಆದ್ರೆ ಕಚೇರಿಯಲ್ಲಿ ಇಲ್ಲದ ಮಾಹಿತಿಯನ್ನ ಹೊಸದಾಗಿ ತಯಾರಿಸಿ ಕೊಡೋದು, ಅಭಿಪ್ರಾಯ ಹೇಳೋದು ಅಧಿಕಾರಿಯ ಕರ್ತವ್ಯ ಅಲ್ಲ ಅಂತಲೂ ಹೇಳಿತು. ಹಾಗಾಗಿ "ಯಾಕೆ", "ಯಾವಾಗ" ಅಂತ ಬರೆದ ಕೂಡಲೇ ಅವರಿಗೆ "ಪ್ರಶ್ನಾರೂಪದಲ್ಲಿರುವುದರಿಂದ ಮಾಹಿತಿ ನೀಡಲು ಬರುವುದಿಲ್ಲ" ಅಂತ ಒಂದು ಸಾಲಿನ ಹಿಂಬರಹ ಬರೆಯೋಕೆ ದಾರಿ ಮಾಡಿಕೊಟ್ಟಂಗೆ.

ಅದನ್ನೇ ಹಿಂಗೆ ಬರೀರಿ:

"ಇಂಥ ಗ್ರಾಮದ ಸರ್ವೆ ನಂಬರ್ ಇಂಥದ್ದಕ್ಕೆ ಸಂಬಂಧಿಸಿದ, ಇಂಥ ದಿನಾಂಕದ, ಇಂಥ ಸಂಖ್ಯೆಯ ಪೋಡಿ ಅರ್ಜಿಯ ಕಡತದಲ್ಲಿ:
1. ಅರ್ಜಿ ಸ್ವೀಕರಿಸಿದ ದಿನದಿಂದ ಇಂದಿನವರೆಗಿನ ಎಲ್ಲ ಕಚೇರಿ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು.
2. ಈ ಕಡತದ ಚಲನವಲನ ವಹಿ ಅಥವಾ ಇ-ಆಫೀಸ್ ಚಲನವಲನ ವಿವರದ ನಕಲು.
3. ಅಳತೆಗಾಗಿ ಭೂಮಾಪಕರಿಗೆ ಹಂಚಿಕೆ ಮಾಡಿದ ಆದೇಶದ ನಕಲು.
4. ಸದರಿ ಕಡತವನ್ನು ಖುದ್ದಾಗಿ ಪರಿಶೀಲಿಸಲು ದಿನಾಂಕ ಮತ್ತು ಸಮಯ ನಿಗದಿ."

ನೋಡಿ, ಇದರಲ್ಲಿ ಒಂದೂ ಪ್ರಶ್ನೆ ಇಲ್ಲ, ಒಂದೂ ಬೈಗುಳ ಇಲ್ಲ. ಆದ್ರೆ ಮೊದಲನೇ ಅರ್ಜಿ ಕೇಳಿದ ಮೂರೂ ಪ್ರಶ್ನೆಗೆ ಉತ್ತರ ಈ ಕಾಗದದಲ್ಲೇ ಇರುತ್ತೆ. ಯಾವ ತಾರೀಖಿನಿಂದ ಯಾರ ಹತ್ರ ಫೈಲು ಮಲಗಿದೆ ಅಂತ ಅವರ ಕೈಬರಹದಲ್ಲೇ ಗೊತ್ತಾಗುತ್ತೆ. ಇನ್ನೊಂದು ಸಣ್ಣ ವಿಷಯ. ಬರೀ "ಟಿಪ್ಪಣಿ" ಅಂತ ಬರೀಬೇಡಿ. ಸರ್ವೆಯಲ್ಲಿ ಟಿಪ್ಪಣಿ ಅಂದ್ರೆ ಅಳತೆಯ ದಾಖಲೆ, ಕಚೇರಿಯಲ್ಲಿ ಟಿಪ್ಪಣಿ ಹಾಳೆ ಅಂದ್ರೆ ಸಾಹೇಬರುಗಳು ಒಬ್ಬರಿಗೊಬ್ಬರು ಬರ್ಕೊಂಡಿರೋದು. ಗೊಂದಲ ಆಗದಂಗೆ "ಕಚೇರಿ ಟಿಪ್ಪಣಿ ಹಾಳೆ" ಅಂತಲೇ ಬರೀರಿ.

ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು. ಇದನ್ನ ತೊಡಕು ಅಂತ ಬೈಯೋರು ಇದ್ದಾರೆ, ನಾನೂ ಬೈದಿದೀನಿ. ಆದ್ರೆ ಕಾಗದ ಕೇಳೋನಿಗೆ 150 ಪದ ಸಾಕು. ಕಥೆ ಹೇಳೋನಿಗೆ ಮಾತ್ರ ಸಾಲಲ್ಲ. ಅರ್ಜಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಇಟ್ಟು ಸ್ಪೀಡ್ ಪೋಸ್ಟಲ್ಲಿ ಕಳಿಸಿದ್ರೆ ಓಡಾಟವೂ ಇಲ್ಲ. ಎ4 ಹಾಳೆಗೆ 2 ರೂಪಾಯಿ. ಬಿಪಿಎಲ್ ಕಾರ್ಡಿದ್ರೆ ಅರ್ಜಿ ಶುಲ್ಕ ಇಲ್ಲ. ಯಾಕೆ ಬೇಕು ಅಂತ ಕಾರಣ ಹೇಳೋ ಅಗತ್ಯವೂ ಇಲ್ಲ, ಸೆಕ್ಷನ್ 6(2) ಹಂಗೇ ಹೇಳುತ್ತೆ. ಕಚೇರಿ ತಪ್ಪಿ ಹಾಕಿದ್ರೂ ಹೆದರಬೇಡಿ. ಸೆಕ್ಷನ್ 6(3)ರ ಪ್ರಕಾರ 5 ದಿನದೊಳಗೆ ಅವರೇ ಸರಿಯಾದ ಕಚೇರಿಗೆ ವರ್ಗಾಯಿಸಬೇಕು.

"ಕಡತ ಲಭ್ಯವಿಲ್ಲ"

ನಮ್ಮ ಕಡೆ ಅತಿ ಹೆಚ್ಚು ಜನ ಎಡವೋದು ಇಲ್ಲೇ. ದರಖಾಸ್ತಿನಲ್ಲಿ ಮಂಜೂರಾದ ಜಮೀನು, ಕೈಯಲ್ಲಿ ಸಾಗುವಳಿ ಚೀಟಿ ಇದೆ, ಕಂದಾಯ ಕಟ್ಟಿದ ರಸೀದಿ ಇದೆ, ಪಹಣಿಯಲ್ಲಿ ಹೆಸರೂ ಇದೆ. ಆದ್ರೆ ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಜನ, ಪೋಡಿ ಇಲ್ಲ. "1 ರಿಂದ 5 ಆಗ್ಬೇಕು, ಮೂಲ ಮಂಜೂರಾತಿ ಕಡತ ಬೇಕು" ಅಂತಾರೆ. ಮೂಲ ಕಡತ ಕೇಳಿದ್ರೆ "ಲಭ್ಯವಿಲ್ಲ" ಅಂತ ಒಂದು ಸಾಲಿನ ಉತ್ತರ. ನಮ್ಮ ಮಂದಿ ಆ ಹಾಳೆ ಹಿಡ್ಕೊಂಡು ಮನೆಗೆ ಬಂದು ಕೂತುಬಿಡ್ತಾರೆ, ಇಲ್ಲಿಗೆ ಮುಗೀತು ಅಂತ.

ಮುಗಿದಿಲ್ಲ. ಮಾಹಿತಿ ಕೊಡದೆ ಇರೋಕೆ ಇರೋ ಕಾರಣಗಳು ಕಾಯ್ದೆಯಲ್ಲೇ ಪಟ್ಟಿ ಆಗಿವೆ. ಆ ಪಟ್ಟಿಯಲ್ಲಿ "ಕಳೆದುಹೋಗಿದೆ" ಅನ್ನೋ ಕಾರಣ ಇಲ್ಲ. 2013ರಲ್ಲಿ ದೆಹಲಿ ಹೈಕೋರ್ಟು ವಿಶ್ವಾಸ್ ಭಾಂಬೂರ್ಕರ್ ಪ್ರಕರಣದಲ್ಲಿ ಇದನ್ನೇ ಹೇಳಿತು. ಒಂದು ಕಾಲಕ್ಕೆ ಕಚೇರಿಯಲ್ಲಿದ್ದ ದಾಖಲೆ ಈಗ ಸಿಗ್ತಿಲ್ಲ ಅಂದ್ರೆ ಸರಿಯಾಗಿ ಹುಡುಕಬೇಕು, ಸಿಗದಿದ್ರೆ ಯಾರ ಜವಾಬ್ದಾರಿ ಅಂತ ವಿಚಾರಣೆ ಆಗಬೇಕು, ಸಿಗ್ತಿಲ್ಲ ಅಂತ ಹೇಳಿ ಕೈತೊಳ್ಕೊಳ್ಳೋಕೆ ಬಿಟ್ರೆ ಕಾಯ್ದೆಗೇ ಅರ್ಥ ಇರಲ್ಲ ಅನ್ನೋದು ಅದರ ಸಾರ. ನಮ್ಮ ರಾಜ್ಯದಲ್ಲಿ 2010ರ ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಕಾಯ್ದೆಯೂ ಇದೆ. ದಾಖಲೆ ಜೋಪಾನ ಮಾಡೋದು ಕಚೇರಿಯ ಮರ್ಜಿ ಅಲ್ಲ, ಕರ್ತವ್ಯ.

ಹಾಗಾಗಿ "ಲಭ್ಯವಿಲ್ಲ" ಅಂತ ಬಂದ ತಕ್ಷಣ ಎರಡು ಕೆಲಸ ಮಾಡಿ.

ಒಂದು, ಮೊದಲ ಮೇಲ್ಮನವಿಯಲ್ಲಿ ಕೇಳಿ: ಹುಡುಕಿದ ಬಗ್ಗೆ ಬರೆದ ವರದಿಯ ನಕಲು, ರೆಕಾರ್ಡ್ ರೂಮಿನ ಕಡತ ಸೂಚಿಯ ಆ ವರ್ಷದ ಹಾಳೆಯ ನಕಲು, ಕಡತ ಹೊರಗೆ ಹೋಗಿದ್ರೆ ಯಾರು ಸಹಿ ಮಾಡಿ ತಗೊಂಡು ಹೋದ್ರು ಅನ್ನೋ ವಹಿಯ ನಕಲು, ಅವಧಿ ಮುಗಿದು ನಾಶ ಮಾಡಿದ್ರೆ ಆ ಆದೇಶದ ನಕಲು. ಕಡತ ಇಲ್ಲ ಅನ್ನೋದಕ್ಕೂ ಒಂದು ಕಾಗದ ಇರಲೇಬೇಕು.

ಎರಡು, ಅದೇ ವಿಷಯ ಇನ್ನೆಲ್ಲಿ ದಾಖಲಾಗಿದೆ ಅಂತ ಯೋಚನೆ ಮಾಡಿ. ಒಂದು ಮಂಜೂರಾತಿ ಅಂದ್ರೆ ಒಂದೇ ಕಡತ ಅಲ್ಲ. ದರಖಾಸ್ತು ವಹಿ ಬೇರೆ, ಸಾಗುವಳಿ ಚೀಟಿ ವಿತರಣಾ ವಹಿ ಬೇರೆ, ಕಿಮ್ಮತ್ತು ಕಟ್ಟಿದ ಲೆಕ್ಕ ಬೇರೆ, ಎಂ.ಆರ್. ಪುಸ್ತಕ ಬೇರೆ, ಸರ್ವೆ ಕಚೇರಿಯ ಕಾಗದ ಬೇರೆ. ಬಗರ್‌ಹುಕುಂ ಆದ್ರೆ ನಮೂನೆ 50, 53, 57ರ ಅರ್ಜಿ ವಹಿ, ಸಮಿತಿಯ ನಡವಳಿ ಪುಸ್ತಕ ಬೇರೆ ಇರ್ತವೆ. ಮೇಲಿನ ಕಚೇರಿಗೆ ಹೋಗಿದ್ದ ಪ್ರಸ್ತಾವನೆಯ ಪ್ರತಿ ದೊಡ್ಡಬಳ್ಳಾಪುರದ ಉಪವಿಭಾಗಾಧಿಕಾರಿ ಕಚೇರಿಯಲ್ಲೋ, ಜಿಲ್ಲಾಧಿಕಾರಿ ಕಚೇರಿಯಲ್ಲೋ ಇರಬಹುದು. ಇನ್ನೊಂದು ನೆನಪಿರಲಿ, ನಮ್ಮ ಗ್ರಾಮಾಂತರ ಜಿಲ್ಲೆ ಆಗಿದ್ದೇ 1986ರಲ್ಲಿ. ಅದಕ್ಕಿಂತ ಹಳೇ ಮಂಜೂರಾತಿ ಆದ್ರೆ ಆಗ ಜಿಲ್ಲಾ ಕಚೇರಿ ಒಂದೇ, ಬೆಂಗಳೂರಿನದು. ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲಿ ಸಿಗದ್ದು ಅಲ್ಲಿ ಇರೋ ಸಾಧ್ಯತೆ ಇದೆ, ಅಲ್ಲೂ ಒಂದು ಅರ್ಜಿ ಹಾಕಿ. ಕಳೆದ ಎಮ್ಮೆನ ಒಂದೇ ಕೆರೆಯಲ್ಲಿ ಹುಡುಕೋರು ಉಂಟಾ?

ಪಂಚಾಯ್ತಿ ಕಾಗದ

ಇದು ಜಮೀನಿಗಷ್ಟೇ ಅಲ್ಲ. ಮಾಹಿತಿ ಹಕ್ಕು ಹುಟ್ಟಿದ್ದೇ ಹಳ್ಳಿಯ ಕೂಲಿ ಲೆಕ್ಕದಿಂದ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಿಂದ ಊರೂರಲ್ಲಿ ಜನರನ್ನ ಕೂರಿಸಿ ಪಂಚಾಯ್ತಿಯ ಕೂಲಿ ಪಟ್ಟಿ, ಬಿಲ್ಲುಗಳನ್ನ ಗಟ್ಟಿಯಾಗಿ ಓದಿಸಿದರು. ಸತ್ತವರ ಹೆಸರಲ್ಲಿ ಕೂಲಿ, ಕಟ್ಟದ ಕಟ್ಟಡಕ್ಕೆ ಬಿಲ್ಲು ಎಲ್ಲ ಹೊರಗೆ ಬಂತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತು ಕೇಳಿದ್ದು ದುಡ್ಡಲ್ಲ, ಲೆಕ್ಕದ ನಕಲು. ನಮ್ಮಂಥ ರೈತರು, ಕೂಲಿಯವರು, ಹೆಣ್ಣುಮಕ್ಕಳು ಕೂತಿದ್ದು ಅದಕ್ಕೆ.

ನಮ್ಮೂರಲ್ಲಿ ಚರಂಡಿ ಆದ ಆರು ತಿಂಗಳಿಗೆ ಕಿತ್ತು ಬಂದ್ರೆ ಕಟ್ಟೆ ಮೇಲೆ ಕೂತು ಬೈತೀವಿ. ಬೈಯೋ ಬದಲು ಮೂರು ಕಾಗದ ಕೇಳಿ: ಅಂದಾಜು ಪಟ್ಟಿ, ಅಳತೆ ಪುಸ್ತಕ ಅಂದ್ರೆ ಎಂ.ಬಿ. ಪುಸ್ತಕದ ನಕಲು, ಬಿಲ್ಲು ಪಾವತಿಯ ವೋಚರ್. ಅಂದಾಜು ಪಟ್ಟಿಯಲ್ಲಿ ಎಷ್ಟು ಮೀಟರ್, ಅಳತೆ ಪುಸ್ತಕದಲ್ಲಿ ಎಷ್ಟು ಮೀಟರ್, ನೆಲದ ಮೇಲೆ ಟೇಪ್ ಹಿಡಿದ್ರೆ ಎಷ್ಟು ಮೀಟರ್. ಹೊಲ ಅಳೆಯೋಕೆ ಬರೋನಿಗೆ ಚರಂಡಿ ಅಳೆಯೋಕೆ ಬರಲ್ವಾ? ಸೆಕ್ಷನ್ 2(ಜೆ)ಯಲ್ಲಿ ದಾಖಲೆ ನೋಡೋದು ಮಾತ್ರ ಅಲ್ಲ, ಕಾಮಗಾರಿಯನ್ನೇ ಪರಿಶೀಲನೆ ಮಾಡೋ, ಸಾಮಗ್ರಿಯ ಮಾದರಿ ತಗೊಳ್ಳೋ ಹಕ್ಕೂ ಇದೆ. ಪಂಚಾಯ್ತಿಯಲ್ಲಿ ಅರ್ಜಿ ಪಿಡಿಒ ಅವರಿಗೆ, ಉತ್ತರ ಬರದಿದ್ರೆ ಮೇಲ್ಮನವಿ ತಾಲ್ಲೂಕು ಪಂಚಾಯ್ತಿ ಇಒ ಅವರಿಗೆ.

ಎದುರು ಮಾತುಗಳು

"ಆರ್‌ಟಿಐ ಹಾಕಿದ್ರೆ ಸಾಹೇಬ್ರನ್ನ ಎದುರು ಹಾಕ್ಕೊಂಡಂಗೆ, ಆಮೇಲೆ ನಮ್ಮ ಕೆಲಸ ಆಗಲ್ಲ" ಅಂತಾರೆ ಯಜಮಾನ್ರು. ಈ ಭಯ ಸುಳ್ಳಲ್ಲ. ಆದ್ರೆ ಭಯಕ್ಕೆ ಅರ್ಧ ಕಾರಣ ನಾವು ಅದನ್ನ ಕತ್ತಿ ಥರ ಹಿಡಿಯೋದು. ಸೊಸೈಟಿಯಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡಷ್ಟೇ ಸಾದಾ ಕೆಲಸ ಇದು ಅನ್ನಿಸಬೇಕಾದ್ರೆ ಎಲ್ಲರೂ ಕೇಳಬೇಕು. ಊರಲ್ಲಿ ಒಬ್ಬನೇ ಕೇಳಿದ್ರೆ ಅವನು ತರಲೆ. ನಲವತ್ತು ಮನೆಯವರು ಕೇಳಿದ್ರೆ ಅದು ರೂಢಿ.

"ಇದನ್ನ ದಂಧೆ ಮಾಡ್ಕೊಂಡಿದಾರೆ" ಅನ್ನೋ ಮಾತೂ ನಿಜ. ಅರ್ಜಿ ಹಾಕಿ, ಆಮೇಲೆ ಫೋನ್ ಮಾಡಿ, ದುಡ್ಡು ಈಸ್ಕೊಂಡು ವಾಪಸ್ ತಗೊಳ್ಳೋರು ಇದ್ದಾರೆ. ಅಂಥೋರಿಂದ ಹಾಳಾಗಿರೋದು ನಮ್ಮ ಹೆಸರೇ. ಅದಕ್ಕೇ ಹೇಳೋದು, ನಿಮ್ಮ ಅರ್ಜಿ ನೀವೇ ಬರೀರಿ, ನಿಮ್ಮ ಹೆಸರಲ್ಲೇ ಹಾಕಿ. ಬೇರೆಯವರ ಹೆಸರಲ್ಲಿ ನಿಮ್ಮ ಸರ್ವೆ ನಂಬರಿನ ಕಾಗದ ತೆಗೆಸಿದ್ರೆ ಆ ಕಾಗದ ಅವರ ಕೈಗೆ ಹೋಯ್ತು ಅಂತಲೇ ಲೆಕ್ಕ.

ಕಚೇರಿಯವರ ಕಷ್ಟವನ್ನೂ ಹೇಳಲೇಬೇಕು. ಗ್ರಾಮ ಆಡಳಿತ ಅಧಿಕಾರಿಗಳು 2024ರಲ್ಲಿ, ಮತ್ತೆ 2025ರಲ್ಲಿ ಮುಷ್ಕರ ಹೂಡಿದ್ದು ಮೊಬೈಲಲ್ಲಿ ತುಂಬೋ ಆ್ಯಪ್‌ಗಳ ಹೊರೆ ತಾಳಲಾರದೆ. ಅಂಥೋರ ಹತ್ರ "1980ರಿಂದ ಇವತ್ತಿನವರೆಗೆ ಇಡೀ ಗ್ರಾಮದ ಎಲ್ಲ ದಾಖಲೆ ಕೊಡಿ" ಅಂತ ಕೇಳೋದು ನ್ಯಾಯ ಅಲ್ಲ, ಅದರಿಂದ ನಮಗೂ ಏನೂ ಸಿಗಲ್ಲ. ಒಂದು ಸರ್ವೆ ನಂಬರ್, ಒಂದು ಕಡತ, ಒಂದು ಅವಧಿ. ಕಳೆ ಕೀಳೋನು ಇಡೀ ಹೊಲಕ್ಕೆ ಒಂದೇ ಸಲ ಕೈ ಹಾಕಲ್ಲ, ಸಾಲು ಹಿಡೀತಾನೆ.

ಹೊಸದಾಗಿ ಬಂದಿರೋ ಒಂದು ತೊಡಕಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 2023, ಆರ್‌ಟಿಐನ ಸೆಕ್ಷನ್ 8(1)(ಜೆ)ಯನ್ನ ಬದಲಾಯಿಸಿತು, 2025ರ ನವೆಂಬರ್‌ನಲ್ಲಿ ಅದು ಜಾರಿಗೂ ಬಂತು. ಮೊದಲು ವೈಯಕ್ತಿಕ ಮಾಹಿತಿ ಕೊಡದಿರೋಕೆ ಅಲ್ಲೇ ಕೆಲವು ಷರತ್ತು ಇದ್ದವು, ಈಗ "ವೈಯಕ್ತಿಕ ಮಾಹಿತಿ" ಅಂದ್ರೆ ಸಾಕು ಅನ್ನೋ ಹಂಗಾಗಿದೆ. ನನ್ನ ಅಭಿಪ್ರಾಯದಲ್ಲಿ ಇದು ರೈತರಿಗೆ ಹಿನ್ನಡೆ. ಫಲಾನುಭವಿ ಪಟ್ಟಿ, ಮಂಜೂರಾತಿ ಪಟ್ಟಿ, ಪರಿಹಾರದ ಪಟ್ಟಿ ಎಲ್ಲದರಲ್ಲೂ ಹೆಸರು ಇದ್ದೇ ಇರುತ್ತೆ. ಹೆಸರಿದೆ ಅಂತ ಮುಚ್ಚಿದ್ರೆ ಲೆಕ್ಕವೇ ಮುಚ್ಚಿದಂಗೆ. ಆದ್ರೆ ಸೆಕ್ಷನ್ 8(2) ಇನ್ನೂ ಇದೆ, ಸಾರ್ವಜನಿಕ ಹಿತ ದೊಡ್ಡದಾದ್ರೆ ಕೊಡಬಹುದು ಅಂತ. ಬೇರೆಯವರ ಹೆಸರಿರೋ ಕಾಗದ ಕೇಳುವಾಗ ಆ ಸೆಕ್ಷನ್ ಬರೆದು, ಹಿತ ಏನು ಅಂತ ಎರಡು ಸಾಲು ಸೇರಿಸಿ. ನಿಮ್ಮದೇ ಅರ್ಜಿ, ನಿಮ್ಮದೇ ಜಮೀನು ಆದ್ರೆ ಈ ನೆಪ ಹೇಳೋಕೆ ಬರಲ್ಲ.

ತಾರೀಖು ಮರೀಬೇಡಿ

ಇದು ಇಡೀ ಬರಹದಲ್ಲಿ ಮುಖ್ಯವಾದ್ದು. ಅರ್ಜಿ ಹಾಕೋದು ಬಿತ್ತನೆ ಅಷ್ಟೆ, ಬೆಳೆ ಅಲ್ಲ. ಉತ್ತರ ಕೊಡೋಕೆ 30 ದಿನ. ಆ ಗಡುವು ದಾಟಿದ್ರೆ ಸೆಕ್ಷನ್ 7(6)ರ ಪ್ರಕಾರ ನಕಲು ಪುಕ್ಕಟೆ ಕೊಡಬೇಕು. 30 ದಿನಕ್ಕೆ ಉತ್ತರ ಬರಲಿಲ್ಲ, ಅಥವಾ ಅರೆಬರೆ ಬಂತು ಅಂದ್ರೆ ಮುಂದಿನ 30 ದಿನದೊಳಗೆ ಅದೇ ಕಚೇರಿ ವ್ಯವಸ್ಥೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅವರು 30 ದಿನದಲ್ಲಿ, ಕಾರಣ ಇದ್ರೆ 45 ದಿನದಲ್ಲಿ ತೀರ್ಮಾನ ಮಾಡಬೇಕು. ಅದೂ ಆಗಲಿಲ್ಲ ಅಂದ್ರೆ 90 ದಿನದೊಳಗೆ ಬೆಂಗಳೂರಿನ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕೋ ಅಧಿಕಾರ ಇರೋದು ಆಯೋಗಕ್ಕೆ ಮಾತ್ರ. ಆಯೋಗದಲ್ಲಿ ಪ್ರಕರಣ ರಾಶಿ ಬಿದ್ದಿವೆ, ತಡ ಆಗುತ್ತೆ, ಸುಳ್ಳು ಹೇಳಲ್ಲ. ಆದ್ರೂ ಮೊದಲ ಮೇಲ್ಮನವಿ ಬಿಡಬೇಡಿ. ನಮ್ಮ ಜನ ಮುಕ್ಕಾಲು ಪಾಲು ಬಿಡೋದು ಅಲ್ಲೇ, "ಉತ್ತರ ಬರಲಿಲ್ಲ, ಬಿಡು" ಅಂತ. ಅರ್ಜಿ ಹಾಕಿದ ದಿನವೇ ಗೋಡೆ ಕ್ಯಾಲೆಂಡರಿನಲ್ಲಿ 30ನೇ ದಿನಕ್ಕೂ 60ನೇ ದಿನಕ್ಕೂ ಒಂದೊಂದು ಗುಂಡು ಸುತ್ತಿ. ಕುರಿಗೆ ಲಸಿಕೆ ಹಾಕ್ಸೋ ತಾರೀಖು ಬರೆದಿಡ್ತೀವಲ್ಲ, ಹಂಗೆ.

ಕಚೇರಿಗಳಿಗೂ ಒಂದು ಮಾತಿದೆ. ಸೆಕ್ಷನ್ 4(1)(ಬಿ) ಪ್ರಕಾರ ತಮ್ಮಲ್ಲಿ ಯಾವ ಯಾವ ದಾಖಲೆ ಇವೆ, ಮಾಹಿತಿ ಅಧಿಕಾರಿ ಯಾರು, ಯಾವ ಫಲಾನುಭವಿಗೆ ಏನು ಕೊಟ್ವಿ ಅನ್ನೋದನ್ನ ಯಾರೂ ಕೇಳದೇನೇ ಪ್ರಕಟಿಸಬೇಕು. ಇದು ಸರಿಯಾಗಿ ಆದ್ರೆ ಅರ್ಧ ಅರ್ಜಿಗಳೇ ಬೇಕಾಗಲ್ಲ, ಅವರಿಗೂ ಕೆಲಸ ಕಮ್ಮಿ. ಮುಂದಿನ ಗ್ರಾಮಸಭೆಯಲ್ಲಿ ಬೋರ್‌ವೆಲ್, ಬೀದಿದೀಪದ ಜೊತೆ ಇದನ್ನೂ ಕೇಳೋಣ: "ಸೆಕ್ಷನ್ 4ರ ಪಟ್ಟಿ ಎಲ್ಲಿ ಹಾಕಿದೀರಿ, ತೋರಿಸಿ." ಕೇಳಿದ್ದು ನಡವಳಿ ಪುಸ್ತಕದಲ್ಲಿ ಬರೆಸಿ, ಆಮೇಲೆ ಆ ಹಾಳೆಯ ನಕಲನ್ನೂ ಕೇಳಿ.

ಈ ಬೇಸಗೆಯಲ್ಲಿ ಪ್ರತಿ ಮನೆಯವರೂ ಒಂದು ಕಡತ ಮಾಡಿ ಇಟ್ಕೊಳ್ಳಿ ಅನ್ನೋದು ನನ್ನ ವಿನಂತಿ. ಈ ವರ್ಷದ ಪಹಣಿ, ಕಂಪ್ಯೂಟರ್ ಬರೋಕೆ ಮುಂಚಿನ ಒಂದು ಕೈಬರಹದ ಪಹಣಿ, ಹಕ್ಕು ಬಂದ ಎಂ.ಆರ್. ಪ್ರತಿ, ಆಕಾರಬಂದ್, ಸರ್ವೆ ಟಿಪ್ಪಣಿ, ಇ.ಸಿ. ಮಂಜೂರಾದ ಜಮೀನಾದ್ರೆ ಮಂಜೂರಾತಿ ಆದೇಶ, ಸಾಗುವಳಿ ಚೀಟಿ. ಸ್ವಾಧೀನದ ಮಾತು ಬಂದಿರೋ ಜಾಗ ಆದ್ರೆ ಅಧಿಸೂಚನೆ ಪ್ರತಿ, ಮರ, ಬೋರ್‌ವೆಲ್, ಮನೆ ಎಣಿಸಿದ ಜಂಟಿ ಅಳತೆ ವರದಿ. ಎಲ್ಲದರ ಮೇಲೂ ದೃಢೀಕರಣದ ಸೀಲು ಇರಲಿ. ಯಾವುದು ಸಿಗಲಿಲ್ಲವೋ ಅದಕ್ಕೊಂದು ಅರ್ಜಿ. ಇದು ಎಲ್ಲಿದೆ ಅಂತ ಮನೆಯ ಹೆಣ್ಣುಮಕ್ಕಳಿಗೂ ಗೊತ್ತಿರಲಿ. ಗಂಡಸರು ಹೋದ ಮೇಲೆ ಕಚೇರಿ ಮೆಟ್ಟಿಲು ಹತ್ತಬೇಕಾಗಿ ಬರೋದು ಅವರಿಗೇ.

ಮಳೆ ಬೀಳೋ ಹೊತ್ತಿಗೆ ನೇಗಿಲಿಗೆ ಹೋಗ್ತೀವಿ, ಆಮೇಲೆ ಯಾರಿಗೂ ಪುರುಸೊತ್ತಿರಲ್ಲ. ಅರ್ಜಿ ಬರೆಯೋಕೆ ತೊಂದರೆ ಇರೋರು ಸರ್ವೆ ನಂಬರ್, ಹಳೇ ರಸೀದಿ ತಗೊಂಡು ಸಂತೆ ದಿನ ಸಿಕ್ಕಿ. ಕೂತು ಬರೆಯೋಣ. 150 ಪದ ಅಷ್ಟೆ.